ಕೊನೆಯ ಜೇಬಿನ ಕೂಸು

"ಅಯ್ಯನವರೇ, ಒಳ್ಳೆಯ ಕೆಲಸವನ್ನು ನಾನೇ ಮಾಡಬೇಕು ಎಂದು ಹಟ ಹಿಡಿಯುವುದು ತಪ್ಪೇ?" ಎಂದು ಕೃಪಾವತಿ ಕೇಳಿದಳು. ಆ ವರ್ಷದ ಕ್ರಿಸ್ಮಸ್ ನಾಟಕ ಕಲಿಸುವ ಹೊಣೆಯನ್ನು ಬೇರೊಬ್ಬಳಿಗೆ ವಹಿಸಿದ್ದರು. ಆ ಉರಿ ಅವಳ ಮಾತಿನಲ್ಲಿತ್ತು.

ಮಕ್ಕಳಿಗೆ ಬೈಬಲ್ ಪಾಠ ಹೇಳುವುದನ್ನು ಅವಳಿಗೆ ಕಲಿಸುತ್ತಿದ್ದವರು ಉಪದೇಶಿ ಸಮಾಧಾನಪ್ಪನವರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನನಗೆ ಕತೆ ಹೇಳಲು ಬಾರದು, ಮಗಳೇ. ಕೆಡಿಸಿಬಿಟ್ಟರೆ ಕ್ಷಮಿಸು. ಬೇಡದ್ದನ್ನು ವಿವರಿಸುತ್ತೇನೆ, ಬೇಕಾದ್ದನ್ನು ಬಿಡುತ್ತೇನೆ. ಆದರೂ ಕೇಳು," ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಇಬ್ಬರು ಓರಗಿತ್ತಿಯರಿದ್ದರು. ಗೋಡೆಯ ಆಚೆ ಒಬ್ಬಳ ಒಲೆ, ಈಚೆ ಇನ್ನೊಬ್ಬಳ ಒಲೆ. ಇಬ್ಬರ ಕೈಯೂ ಸೂಜಿಯಲ್ಲಿ ಪಳಗಿತ್ತು. ಪಾದ್ರಿಗಳು ಅವರಿಬ್ಬರಿಗೆ ಒಂದು ಕೆಲಸ ಒಪ್ಪಿಸಿದರು. ಮಕ್ಕಳಿಗಾಗಿ ಅಡ್ವೆಂಟ್ ಕ್ಯಾಲೆಂಡರ್ ಹೊಲಿಯಬೇಕು. ಅಡ್ವೆಂಟ್ ಎಂದರೆ ಕ್ರಿಸ್ಮಸ್ಸಿಗೆ ಮುಂಚಿನ ಕಾಯುವ ಕಾಲ, ಅದು ನಿನಗೆ ಗೊತ್ತು. ಈ ಕ್ಯಾಲೆಂಡರ್ ಕಾಗದದ್ದಲ್ಲ, ಚರ್ಚಿನ ಗೋಡೆಗೆ ತೂಗುಹಾಕುವ ದೊಡ್ಡ ಬಟ್ಟೆ. ಕೆಳಗೆ ಇಪ್ಪತ್ನಾಲ್ಕು ಜೇಬುಗಳು. ಡಿಸೆಂಬರ್ ಒಂದರಿಂದ ದಿನಕ್ಕೊಂದು ಜೇಬು ತೆರೆದು, ಒಳಗಿನ ಗೊಂಬೆಯನ್ನು ಮೇಲಿನ ಗುಂಡಿಗೆ ಸಿಕ್ಕಿಸಬೇಕು. ಮೊದಲ ಜೇಬಿನಲ್ಲಿ ಆದಾಮ. ಕೊನೆಯದರಲ್ಲಿ ಗೋದಲಿಯಲ್ಲಿ, ಅಂದರೆ ದನದ ಮೇವಿನ ತೊಟ್ಟಿಯಲ್ಲಿ, ಮಲಗಿಸುವ ಕೂಸು. ಎಲ್ಲವೂ ಫೆಲ್ಟ್ ಬಟ್ಟೆಯವು. ಫೆಲ್ಟ್ ಎಂದರೆ ನೇಯದೆ, ಉಣ್ಣೆಯನ್ನು ಒತ್ತಿ ಒತ್ತಿ ಮಾಡಿದ್ದು. ಎಲ್ಲಿ ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ. ಮನುಷ್ಯರ ಹಾಗಲ್ಲ ಅದು.

ನೋಹನ ನಾವೆ, ಯೋನನ ಮೀನು, ದಾವೀದನ ಕವಣೆ, ಎಲ್ಲವನ್ನೂ ಹಂಚಿಕೊಂಡು ಹೊಲಿದರು. ಸೊಲೊಮೋನನ ಮುಂದೆ ಒಂದೇ ಕೂಸಿಗಾಗಿ ಕಿತ್ತಾಡಿದ ಇಬ್ಬರು ಹೆಂಗಸರನ್ನು ಹಿರಿಯಳೇ ಹೊಲಿದಳು. ಕೊನೆಯ ಜೇಬಿನ ತನಕ ಜಗಳವಿರಲಿಲ್ಲ.

ಹಿರಿಯಳಿಗೆ ಒಂದು ಮಗು ಹುಟ್ಟಿ ತೊಟ್ಟಿಲಲ್ಲೇ ತೀರಿಕೊಂಡಿತ್ತು. ಆಮೇಲೆ ಆಗಲಿಲ್ಲ. ಅದರ ಕುಲಾವಿಯನ್ನು, ಅಂದರೆ ಕೂಸಿನ ಟೋಪಿಯನ್ನು, ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಕತ್ತರಿಸಿ ಫೆಲ್ಟಿನ ಕೂಸಿಗೆ ಹೊದಿಸಬೇಕು, ಒಂದು ಸಂಜೆಯಾದರೂ ಅದು ಎಲ್ಲರ ಕಣ್ಣೆದುರು ಗೋದಲಿಯಲ್ಲಿ ಮಲಗಬೇಕು ಎಂಬುದು ಅವಳ ಆಸೆ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಕೂಸನ್ನು ನಾನು ಮಾಡುತ್ತೇನೆ," ಎಂದಳು.

"ನಾನು ಆಗಲೇ ಮಾಡಿಟ್ಟಿದ್ದೇನಲ್ಲ, ಅಕ್ಕ," ಎಂದಳು ಕಿರಿಯಳು. ಅವಳಿಗೆ ಮೂವರು ಮಕ್ಕಳು.

"ನಿನ್ನ ಮಡಿಲಲ್ಲಿ ಮೂರಿವೆಯಲ್ಲೇ. ಇದೊಂದನ್ನು ನನಗೆ ಬಿಡು."

"ಅದಕ್ಕೇ ಹೇಳಿದ್ದು. ಕೂಸು ಮಲಗುವ ಚೆಂದ ಎತ್ತಿ ಆಡಿಸಿದವರಿಗೆ ಗೊತ್ತು. ನೀವು ಒಂಟೆ ಮಾಡಿ ಅಕ್ಕ, ನಿಮ್ಮ ಕೈಯಲ್ಲಿ ಚೆನ್ನಾಗಿ ಬರುತ್ತದೆ."

ಮಾತು ಪಾದ್ರಿಗಳ ತನಕ ಹೋಯಿತು. ಹಿರಿಯಳ ಕೂಸೇ ಇರಲಿ ಎಂದು ಅವರು ತೀರ್ಮಾನ ಹೇಳಿದರು. ಹಿರಿಯಳು ಕುಲಾವಿ ಕತ್ತರಿಸಿದಳು, ಕೂಸಿಗೆ ಹೊದಿಸಿದಳು, ಕೊನೆಯ ಜೇಬಿನಲ್ಲಿಟ್ಟು ಗುಂಡಿ ಹಾಕಿದಳು.

ಕಿರಿಯಳಿಗೆ ಅನ್ನ ರುಚಿಸಲಿಲ್ಲ. ಹಬ್ಬ ಹತ್ತಿರವಾದಾಗ ಹೂವಿಡುವ ನೆಪದಲ್ಲಿ ಚರ್ಚಿಗೆ ಹೋದಳು. ಅಕ್ಕನ ಕೂಸನ್ನು ತೆಗೆದು ಸೆರಗಿಗೆ ಕಟ್ಟಿಕೊಂಡಳು. ತನ್ನದನ್ನು ಒಳಗಿಟ್ಟಳು.

ಕೊನೆಯ ದಿನ ಮಧ್ಯಾಹ್ನ ಹಿರಿಯಳು ಹೋದಳು. ಒಮ್ಮೆ ಮುಟ್ಟಿ ಬರೋಣ ಎಂದು, ಅಷ್ಟೇ. ಕೈಗೆ ಸಿಕ್ಕಿದ್ದು ಬೇರೆ ಕೂಸು. ಅದು ಚೆನ್ನಾಗಿಯೇ ಇತ್ತು. ಚೆನ್ನಾಗಿದ್ದದ್ದೇ ಅವಳನ್ನು ಇನ್ನಷ್ಟು ಉರಿಸಿತು. ಗೋಡೆಯಾಚೆ ಹೋಗಿ 'ನನ್ನದನ್ನು ಕೊಡು' ಎನ್ನಬಹುದಿತ್ತು. ಅದಕ್ಕೆ ಬಾಯಿ ಬರಲಿಲ್ಲ. ಇದನ್ನು ಇದ್ದಲ್ಲೇ ಬಿಡಬಹುದಿತ್ತು. ಸಂಜೆ ಮಕ್ಕಳಿಗೆ ಒಂದು ಕೂಸಾದರೂ ಸಿಗುತ್ತಿತ್ತು. ಅದೂ ಅವಳಿಗೆ ಗೊತ್ತಿತ್ತು. ಆದರೆ ಕಿರಿಯಳದು ಇರುವುದಕ್ಕಿಂತ ಜೇಬು ಬರಿದಾಗಿಯೇ ಇರಲಿ ಎಂದುಕೊಂಡಳು. ಕಿರಿಯಳ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು.

ಸಂಜೆ ಚರ್ಚು ತುಂಬಿತ್ತು. ಕೊನೆಯ ಜೇಬು ತೆರೆಯುವ ಸರದಿ ಕಿರಿಯಳ ಸಣ್ಣ ಮಗಳದು. ಹುಡುಗಿ ಗುಂಡಿ ಬಿಚ್ಚಿ ಕೈ ಹಾಕಿದಳು. ಜೇಬನ್ನು ತಿರುವಿ ಹಾಕಿ ನೋಡಿದಳು. ಆಮೇಲೆ ಹಿರಿಯಳ ಕಡೆ ತಿರುಗಿ, "ದೊಡ್ಡಮ್ಮಾ, ಇಲ್ಲಿ ಯಾರೂ ಇಲ್ಲ," ಎಂದಳು.

ಓರಗಿತ್ತಿಯರು ಒಬ್ಬರನ್ನೊಬ್ಬರು ನೋಡಿದರು. ಇಬ್ಬರಿಗೂ ಎಲ್ಲ ತಿಳಿಯಿತು. ಆದರೆ ಇನ್ನೊಬ್ಬಳ ಕಳವು ಹೇಳಹೋದರೆ ತನ್ನದೂ ಹೊರಬೀಳುತ್ತದೆ. ಜನ ಕೂಸೆಲ್ಲಿ ಎಂದು ಕೇಳದೆ, ಬರಿದಾದ ಗೋದಲಿಯ ಮುಂದೆ ನಿಂತು ಜನನದ ಹಾಡು ಹಾಡಿ ಮನೆಗೆ ಹೋದರು.

ಸಮಾಧಾನಪ್ಪನವರು ಇಲ್ಲಿಗೆ ನಿಲ್ಲಿಸಿದರು.

"ಮೊದಲು ಕದ್ದವಳದ್ದೇ ತಪ್ಪಲ್ಲವೇ, ಅಯ್ಯನವರೇ?" ಎಂದಳು ಕೃಪಾವತಿ.

"ಮೊದಲು ಕದ್ದವಳು ಮಕ್ಕಳಿಗೆ ಒಂದು ಕೂಸನ್ನಾದರೂ ಉಳಿಸಿದ್ದಳು. ಎರಡನೆಯವಳು ಅದನ್ನೂ ಉಳಿಸಲಿಲ್ಲ. ಹಾಗೆಂದು ಎರಡನೆಯವಳ ನೋವು ಸಣ್ಣದಲ್ಲ. ಸರಿಯಾಗಿ ಹೇಳಲು ಬರುತ್ತಿಲ್ಲ, ಇನ್ನೊಂದಿಷ್ಟು ಬಿಡಿಸಿ ಹೇಳುತ್ತೇನೆ. ಹಟ ಎಂಬುದು ಮೊದಲು ಪ್ರೀತಿಯಿಂದಲೇ ಹುಟ್ಟುತ್ತದೆ. ಆಮೇಲೆ ಏನಾಗುತ್ತದೆಂದರೆ—"

"ಉಪದೇಶಿಗಳೇ, ಶವದ ಪೆಟ್ಟಿಗೆ ಮುಚ್ಚಬೇಕಂತೆ, ಸಾವಿನ ಮನೆಯವರು ನಿಮಗಾಗಿ ಕಾಯುತ್ತಿದ್ದಾರೆ," ಎಂದು ಯಾರೋ ಹೊರಗಿನಿಂದ ಕೂಗಿದರು.

ಅವರು ಮಾತನ್ನು ಅಲ್ಲಿಗೇ ಬಿಟ್ಟು ಎದ್ದರು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಒಮ್ಮೆ ತಿರುಗಿದರು.

"ತಪ್ಪು ಯಾರದೆಂದು ಕೇಳಿದೆ, ಮಗಳೇ; ಕೂಸು ಎಲ್ಲಿದೆ ಎಂದು ನೀನೂ ಕೇಳಲಿಲ್ಲ."