ಜವರಮ್ಮನ ಬೋಗುಣಿ

"ಗುರುಗಳೇ, ನಾನು ಯಾರ ಹಂಗಿನಲ್ಲೂ ಇಲ್ಲ. ಯಾರಿಗೂ ತೊಂದರೆ ಕೊಟ್ಟವನಲ್ಲ. ಆದರೂ ನನ್ನ ಮನೆ ಬಾಗಿಲಿಗೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಯಾಕೆ?" ಎಂದು ಶಿಷ್ಯ ಕೇಳಿದ.

ಹಿಂದಿನ ಸಂಜೆ ಮಳೆ ಬಂದಾಗ ಗುರುಗಳು ಅವನಿಗೆ ತಮ್ಮ ಕೊಡೆ ಕೊಟ್ಟು ಕಳಿಸಿದ್ದರು. ಅದನ್ನು ಮರಳಿಸಲೆಂದು ಅವನು ಬೆಳಗಾಗುತ್ತಲೇ ಮಠಕ್ಕೆ ಬಂದಿದ್ದ. ಗುರುಗಳು ಇನ್ನೂ ಮುಖ ತೊಳೆಯುತ್ತಿದ್ದರು.

"ಕೊಡೆ ಒಣಗಿದೆಯೇ?" ಎಂದರು.

"ಒಣಗಿದೆ. ಒಂದು ಕಡ್ಡಿ ಬಾಗಿತ್ತು, ಅದನ್ನೂ ನೆಟ್ಟಗೆ ಮಾಡಿದ್ದೇನೆ."

"ಅದು ಹತ್ತು ವರ್ಷದಿಂದ ಬಾಗಿಯೇ ಇತ್ತು. ಇರಲಿ, ಕೂತುಕೋ," ಎಂದು ಗುರುಗಳು ಮುಖ ಒರೆಸಿಕೊಂಡು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಒಂಟಿ ಜೀವ. ಹರೆಯದಲ್ಲಿ ಒಮ್ಮೆ ಹೆಣ್ಣು ನೋಡಲು ಹೋಗಿದ್ದನಂತೆ. ಅಲ್ಲಿ ತಿಂದ ಉಪ್ಪಿಟ್ಟಿನ ಋಣ ಉಳಿಯಬಾರದೆಂದು ಮರುದಿನವೇ ಆ ಮನೆಗೆ ಒಂದು ಬುಟ್ಟಿ ಬೆಲ್ಲ ಕಳಿಸಿದ. ಅವರು ಅದನ್ನು ಸಂಬಂಧ ಬೇಡವೆಂಬ ಸೂಚನೆ ಎಂದುಕೊಂಡರು. ಬೆಲ್ಲ ತಿಂದು, ಹುಡುಗಿಯನ್ನು ಬೇರೆ ಕಡೆ ಕೊಟ್ಟರು.

ಅವನಿದ್ದ ಬೀದಿಯಲ್ಲಿ ಒಂದು ವಾಡಿಕೆ. ಯಾರ ಮನೆಯಲ್ಲಿ ವಿಶೇಷ ಅಡುಗೆಯಾದರೂ ಒಂದು ಪಾತ್ರೆ ಅಕ್ಕಪಕ್ಕದ ಮನೆಗೆ ಹೋಗುತ್ತಿತ್ತು. ಆ ಪಾತ್ರೆ ಬರಿದಾಗಿ ಹಿಂದಿರುಗುವಂತಿಲ್ಲ. ಹಾಗೆಂದು ತಕ್ಷಣ ಹಿಂದಿರುಗುವಂತೆಯೂ ಇಲ್ಲ. ಅದು ಆ ಮನೆಯಲ್ಲೇ ಕೆಲವು ದಿನ ತಂಗಿರಬೇಕು. ಅವರು ಏನಾದರೂ ಮಾಡಿದ ದಿನ ಅದನ್ನು ತುಂಬಿಕೊಂಡು ವಾಪಸ್ಸು ಬರಬೇಕು. ಹೀಗಾಗಿ ಯಾರ ಪಾತ್ರೆ ಯಾರ ಅಡುಗೆಮನೆಯಲ್ಲಿದೆ ಎಂದು ಆ ಬೀದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಆಗಾಗ ಜಗಳವೂ ಆಗುತ್ತಿತ್ತು. ಜಗಳ ಬಗೆಹರಿಸಲು ಹೋದವರು ಕಾಫಿ ಕುಡಿದು ಬರುತ್ತಿದ್ದರು.

ವ್ಯಾಪಾರಿಗೆ ಈ ಗೊಂದಲ ಹಿಡಿಸುತ್ತಿರಲಿಲ್ಲ. ಯಾರಾದರೂ ಒಂದು ಸೌಟು ಸಾರು ತಂದುಕೊಟ್ಟರೆ, ಅದರ ಬಿಸಿ ಆರುವ ಮೊದಲೇ ಬೇರೆ ಪಾತ್ರೆಗೆ ಸುರಿದುಕೊಂಡು, ಅವರ ಪಾತ್ರೆ ಬೆಳಗಿ, ಅದರಲ್ಲಿ ಒಂದು ಅಚ್ಚು ಬೆಲ್ಲವಿಟ್ಟು, ಕೊಟ್ಟವರು ಮನೆ ಸೇರುವುದರೊಳಗೆ ಅವರ ಬೆನ್ನ ಹಿಂದೆಯೇ ಹೋಗಿ ಕೊಟ್ಟುಬಿಡುತ್ತಿದ್ದ. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೊಗಳಿದರು. ಹೊಗಳುತ್ತ ಹೊಗಳುತ್ತ ಕೊಡುವುದನ್ನು ನಿಲ್ಲಿಸಿದರು. ಎಂದೋ ಒಂದು ದಿನ ಸಾರು ಕೊಡಲು ಹೋಗಿ, ಅಷ್ಟು ಬೆಲ್ಲದ ಭಾರ ಯಾರು ಹೊರುತ್ತಾರೆ?

ಬಾಗಿಲಿಗೆ ಯಾರೂ ಬಾರದ ಮೇಲೆ ಅವನು ಒಂದು ಹವ್ಯಾಸ ಹಿಡಿದ. ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆಗಳನ್ನು ಬರೆದ. ನಾಲ್ಕು ಜನರ ಆಟ ಅದು. ಕವಡೆ ಹಾಕಿ, ನಾಲ್ಕೂ ಕಡೆ ತಾನೇ ಕೂತು ಆಡತೊಡಗಿದ. ಒಬ್ಬನಿಗೆ ಹುಣಸೆಬೀಜ, ಒಬ್ಬನಿಗೆ ಬಳೆಚೂರು, ಒಬ್ಬನಿಗೆ ಬೆಣಚುಕಲ್ಲು, ಒಬ್ಬನಿಗೆ ಬೆಲ್ಲದ ಚೂರು. ಬೆಲ್ಲದವನು ಗೆಲ್ಲುವ ಹೊತ್ತಿಗೆ ಇರುವೆಗಳು ಬಂದು ಅವನ ಕಾಯಿಗಳನ್ನು ಹೊತ್ತೊಯ್ಯುತ್ತಿದ್ದವು. ವ್ಯಾಪಾರಿಗೆ ನಿಜಕ್ಕೂ ಅವನ ಮೇಲೆ ಮರುಕ ಹುಟ್ಟುತ್ತಿತ್ತು.

ಅವರೆಕಾಯಿಯ ಕಾಲ ಬಂತು. ಎದುರುಮನೆಯ ಜವರಮ್ಮ ಹಿತಕಿದ ಅವರೆಬೇಳೆ ಸಾರು ಮಾಡಿದಳು. ಘಮ ಬೀದಿಗೆಲ್ಲ ಹರಡಿತು. ಆ ವಾಸನೆ ಕುಡಿಯುತ್ತ ಎದುರಿಗೊಬ್ಬ ಸುಮ್ಮನೆ ಕೂತಿರುವಾಗ ಉಣ್ಣಲು ಆಕೆಗೆ ಮನಸ್ಸು ಬರಲಿಲ್ಲ. ಬೆಲ್ಲವೇ ಬಂದರೂ ಬರಲಿ ಎಂದು ಒಂದು ಹಿತ್ತಾಳೆ ಬೋಗುಣಿಯ ತುಂಬ ಸಾರು ಕೊಟ್ಟುಬಂದಳು.

ವ್ಯಾಪಾರಿ ಎಂದಿನಂತೆ ಬೋಗುಣಿ ಬೆಳಗಿದ. ಅಷ್ಟರಲ್ಲಿ ಬೆಲ್ಲ ತುಂಬಲು ಗಾಡಿಯವನು ಬಂದು ಕೂಗಿದ. ಆ ಗಡಿಬಿಡಿಯಲ್ಲಿ ಕೈಯಲ್ಲಿದ್ದುದನ್ನು ಎಲ್ಲೋ ಇಟ್ಟು ಹೋದ. ಮರಳಿ ಬಂದು ನೋಡಿದರೆ ಬೋಗುಣಿಯಿಲ್ಲ. ಅಟ್ಟ ಹುಡುಕಿದ, ಒಲೆಯ ಹಿಂದೆ ಹುಡುಕಿದ, ಬೆಲ್ಲದ ಮೂಟೆಗಳ ನಡುವೆ ಹುಡುಕಿದ. ಅವನ ಜನ್ಮದಲ್ಲಿ ಮೊದಲ ಬಾರಿಗೆ ಬೇರೆಯವರ ಪಾತ್ರೆಯೊಂದು ಅವನ ಮನೆಯಲ್ಲಿ ಬೆಳಗು ಕಂಡಿತು. ಅವನಿಗೆ ನಿದ್ದೆ ಹತ್ತಲಿಲ್ಲ.

ಮರುದಿನ ಜವರಮ್ಮ ಬಂದಳು.

"ಅಣ್ಣೋ, ನಮ್ ಬೋಗುಣಿ ಎಲ್ಲಿ? ನಮ್ಮವ್ವ ಕೊಟ್ಟಿದ್ದು ಅದು."

"ಇಲ್ಲೇ ಇತ್ತು ಕಣವ್ವ, ಕೈಗೆ ಸಿಗ್ತಾ ಇಲ್ಲ."

"ಸಿಗ್ದೆ ಎಲ್ಲೋಯ್ತದೆ? ಸರೀರಿ ಅತ್ಲಾಗೆ, ನಾನೇ ನೋಡ್ತೀನಿ."

ಆಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿದಳು. ಗಂಡಸಿಗೆ ಹುಡುಕಲು ಬರುವುದಿಲ್ಲ ಎಂದು ಇನ್ನಿಬ್ಬರು ಹೆಂಗಸರು ಹಿಂದೆಯೇ ಬಂದರು. ಹೆಂಗಸರಿಗೆ ಅಟ್ಟ ಎಟುಕುವುದಿಲ್ಲ ಎಂದು ಪಕ್ಕದ ಮನೆಯ ದರ್ಜಿ ಬಂದ. ಅಟ್ಟದ ಧೂಳೆಲ್ಲ ನಡುಮನೆಗೆ ಇಳಿಯಿತು. ದರ್ಜಿಯ ಕಣ್ಣು ನೆಲದ ಮೇಲಿನ ಚೌಕಾಬಾರಕ್ಕೆ ಬಿತ್ತು.

"ಯಾರ್ ಜೊತೆ ಆಡ್ತೀರಿ ಸಾವ್ಕಾರ್ರೆ?"

"ನಾನೇ. ನಾಲ್ಕು ಕಡೇಗೂ."

"ಗೆಲ್ಲೋರ್ಯಾರು?"

"ಬಳೆಚೂರಿನವನು. ಅವನು ಮೋಸಗಾರ."

ದರ್ಜಿ ನಗಲಿಲ್ಲ. ಬಳೆಚೂರಿನ ಕಡೆ ಕೂತು ಕವಡೆ ಕೈಗೆ ತೆಗೆದುಕೊಂಡ. ಹುಡುಕಲು ಬಂದ ಹೆಂಗಸರಿಬ್ಬರು ಒಂದೊಂದು ಕಡೆ ಕೂತರು. ಜವರಮ್ಮ ಮನೆಯಿಂದ ನೆನೆಹಾಕಿದ ಅವರೆಕಾಳಿನ ತಪ್ಪಲೆ ತಂದು, ಕಾಳು ಹಿತಕಿ ಸಿಪ್ಪೆ ಬಿಡಿಸುತ್ತ, ಆಡುವವರಿಗೆಲ್ಲ ಬುದ್ಧಿ ಹೇಳತೊಡಗಿದಳು. ಬೋಗುಣಿ ಸಿಗಲಿಲ್ಲ. ನಾಳೆ ಬಂದು ಹುಡುಕುತ್ತೇವೆ ಎಂದು ಎಲ್ಲರೂ ಎದ್ದರು. ವ್ಯಾಪಾರಿ ಬಾಗಿಲಲ್ಲಿ ನಿಂತು, ಅವರು ತಮ್ಮ ತಮ್ಮ ಮನೆ ಸೇರುವವರೆಗೂ ನೋಡುತ್ತಿದ್ದ. ಅವನಿಗೆ ತುಂಬ ಖುಷಿಯಾಗಿತ್ತು. ಯಾಕೆಂದು ಅವನಿಗೆ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತವನು ಉಪ್ಪಿನಕಾಯಿಯ ಜಾಡಿಗೆ ಕೈ ಹಾಕಿದ. ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರೆ, ಅದರಡಿಯಲ್ಲಿ ಜವರಮ್ಮನ ಬೋಗುಣಿ ಬೋರಲಾಗಿ ಕೂತಿತ್ತು. ಜಾಡಿಯ ಮುಚ್ಚಳ ಒಡೆದುಹೋಗಿತ್ತು. ಗಾಡಿಯವನು ಕೂಗಿದಾಗ ಬೋಗುಣಿಯನ್ನೇ ಅದಕ್ಕೆ ಮುಚ್ಚಿ, ಇರುವೆ ಬಾರದಿರಲೆಂದು ಬಟ್ಟೆ ಬಿಗಿದು ಹೋಗಿದ್ದವನು ಅವನೇ.

ತಟ್ಟೆ ಬಿಟ್ಟು ಎದ್ದ. ಬೋಗುಣಿ ತೊಳೆದ, ಒಂದು ಅಚ್ಚು ಬೆಲ್ಲ ಇಟ್ಟ. ಹೊಸ್ತಿಲಿನ ಆಚೆ ಒಂದು ಕಾಲಿಟ್ಟ. ಅಲ್ಲೇ ನಿಂತ.

ಇದನ್ನು ಕೊಟ್ಟರೆ ಋಣ ತೀರುತ್ತದೆ. ಋಣ ತೀರಿದರೆ ಸಂಜೆ ಯಾರೂ ಬರುವುದಿಲ್ಲ. ನಡುಮನೆಯಲ್ಲಿ ಮತ್ತೆ ಆ ಮೋಸಗಾರ ಬಳೆಚೂರಿನವನ ಜೊತೆ ಅವನೊಬ್ಬನೇ.

ಆಚೆಯಿಟ್ಟ ಕಾಲನ್ನು ಒಳಗೆ ತೆಗೆದುಕೊಂಡ. ಬೆಲ್ಲವನ್ನು ಮೂಟೆಗೆ ಹಾಕಿದ. ಬೋಗುಣಿಯನ್ನು ಜಾಡಿಯ ಮೇಲೆ ಬೋರಲು ಹಾಕಿ ಬಟ್ಟೆ ಕಟ್ಟಿದ. ಯಾರ ಒಂದು ಕಾಸಿಗೂ ಕೈ ಹಾಕದ ಮನುಷ್ಯ ಹೀಗೆ ಕಳ್ಳನಾದ. ಅಂದಿನಿಂದ ಉಪ್ಪಿನಕಾಯಿಯನ್ನೂ ಬಿಟ್ಟ.

ಹುಡುಕುವ ಕೆಲಸ ಅವರೆಕಾಯಿಯ ಕಾಲದುದ್ದಕ್ಕೂ ನಡೆಯಿತು. ಬರುವವರು ಮೊದಲು ಒಂದೆರಡು ಮೂಟೆ ಸರಿಸಿ ನೋಡುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟು ನೇರವಾಗಿ ಆಟಕ್ಕೆ ಕೂರುತ್ತಿದ್ದರು. ವ್ಯಾಪಾರಿ ಕಾಳು ಹಿತಕುವುದನ್ನು ಕಲಿತ. ಅವನು ಹಿತಕಿದ ಬೇಳೆ ಮೂಲೆ ಮೂಲೆಗೆ ಹಾರಿ ಬೀಳುತ್ತಿತ್ತು. ಜವರಮ್ಮ ಬೈಯುತ್ತಿದ್ದಳು. ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆಂದು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಒಂದು ದಿನ ಎಲ್ಲರೂ ಅವನ ಮನೆಯಲ್ಲೇ ಉಣ್ಣಲು ಕೂತರು. ಮುದ್ದೆ ಬಡಿಸಿದ್ದಾಯಿತು, ಸಾರು ಬಡಿಸಿದ್ದಾಯಿತು. ದರ್ಜಿ ಸುತ್ತಲೂ ನೋಡಿ, "ಒಂಚೂರು ಉಪ್ಪಿನಕಾಯಿ ಇದ್ದಿದ್ರೆ..." ಎಂದ.

ವ್ಯಾಪಾರಿ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ.

"ಉಪ್ಪಿನಕಾಯಿ ಕೆಟ್ಟೋಗಿದೆ," ಎಂದ.

"ಉಪ್ಪಿನಕಾಯಿ ಕೆಡೋದು ಅಂದ್ರೇನು? ನಾನ್ ನೋಡ್ತೀನಿ," ಎಂದು ಜವರಮ್ಮ ಎದ್ದು ಅಡುಗೆಮನೆಗೆ ಹೋದಳು.

ಅವನು ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತ. ಒಳಗೆ ಬಟ್ಟೆ ಬಿಚ್ಚಿದ ಸದ್ದು ಕೇಳಿತು. ಹಿತ್ತಾಳೆ ಜಾಡಿಗೆ ತಗುಲಿದ ಸದ್ದೂ ಕೇಳಿತು. ಆಮೇಲೆ ತುಂಬ ಹೊತ್ತು ಏನೂ ಕೇಳಲಿಲ್ಲ. ಇವತ್ತಿಗೆ ಎಲ್ಲ ಮುಗಿಯಿತು, ಮಾನವೂ ಹೋಯಿತು, ಮನೆಗೆ ಬರುವ ಜನವೂ ಹೋದರು ಎಂದುಕೊಂಡ. ಅಳುವೇ ಬರುವಂತಾಯಿತು.

ಜವರಮ್ಮ ಒಂದು ಎಲೆಯಲ್ಲಿ ಉಪ್ಪಿನಕಾಯಿ ತಂದು ಎಲ್ಲರಿಗೂ ಬಡಿಸಿದಳು. ಅವನಿಗೆ ಎರಡು ಹೋಳು ಹೆಚ್ಚಾಗಿ ಹಾಕಿದಳು.

"ಕೆಟ್ಟಿಲ್ಲ, ಚೆನ್ನಾಗೇ ಇದೆ," ಎಂದಳು.

ಊಟ ಮುಗಿಸಿ ಎಲ್ಲರೂ ಹೊರಟರು. ಜವರಮ್ಮ ಹೊಸ್ತಿಲ ಬಳಿ ತಿರುಗಿ ನಿಂತು, "ಅಣ್ಣೋ, ನಮ್ ಬೋಗುಣಿ ಸಿಕ್ತಾ?" ಎಂದಳು.

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಅಂದಳು:

"ಸಿಕ್ಕಿಲ್ಲ ತಾನೆ? ಸರಿ, ನಾಳೆ ಬಂದು ಹುಡುಕ್ತೀವಿ. ಅವರೆಕಾಯಿ ಮುಗೀತು, ಹಲಸಿನಹಣ್ಣು ತರ್ತೀನಿ. ಚಾಕು ಮಸೆದು ಇಟ್ಟಿರಿ."

ಅವಳು ಹೋದ ಮೇಲೆ ಅವನು ಅಡುಗೆಮನೆಗೆ ಹೋಗಿ ನೋಡಿದ. ಬೋಗುಣಿ ಜಾಡಿಯ ಮೇಲೆ ಬೋರಲಾಗಿಯೇ ಇತ್ತು. ಮೇಲಿನ ಬಟ್ಟೆಗೆ ಅವನು ಹಾಕಿದ್ದುದು ಒಂದು ಗಂಟು. ಈಗ ಅದರ ಮೇಲೆ ಇನ್ನೊಂದು ಗಂಟು ಬಿದ್ದಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮುಂದೇನಾದರೂ ಹೇಳುವರೇನೋ ಎಂದು ಕಾದ. ಅವರು ಮುಖ ಒರೆಸಿದ ಬಟ್ಟೆಯನ್ನು ಮಡಚಿಟ್ಟರು. ಅವನು ಎದ್ದು, ನಮಸ್ಕಾರ ಮಾಡಿ, ಕೊಡೆಯನ್ನು ಗೋಡೆಯ ಮೊಳೆಗೆ ನೇತುಹಾಕಲು ಹೋದ.

"ಅದನ್ನು ಮನೆಗೆ ತೆಗೆದುಕೊಂಡು ಹೋಗು, ನಾಳೆ ಸಂಜೆ ಕೇಳಲು ನಾನೇ ಬರುತ್ತೇನೆ," ಎಂದರು ಗುರುಗಳು.

ಶಿಷ್ಯ ಕೊಡೆಯನ್ನು ಕಂಕುಳಿಗೆ ಸೇರಿಸಿಕೊಂಡು ಹೊರಟ.