ಏಳ್ನೂರ ಇಪ್ಪತ್ತು ಕಲ್ಲು

ಅಡಿವೆಪ್ಪಜ್ಜನವರು ಹೊಳೆಯಲ್ಲಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಆಶ್ರಮದ ಅಂಗಳದಲ್ಲಿ ಮೂರನೆಯ ಟ್ರ್ಯಾಕ್ಟರು ಕಲ್ಲು ಸುರಿಯುತ್ತಿತ್ತು. ಇನ್ನೂ ಎರಡು ಹಿಂದೆ ಬರುತ್ತಿವೆ ಎಂದ ಡ್ರೈವರು.

ಅಜ್ಜನವರು ಒದ್ದೆ ಪಂಚೆಯಲ್ಲೇ ನಿಂತುಬಿಟ್ಟರು.

ರಾಶಿಯ ಪಕ್ಕದಲ್ಲಿ ಅವರ ಶಿಷ್ಯೆ ಭಾಗೀರಥಿ, ನೋಟುಬುಕ್ಕು, ಅಳತೆಯ ಟೇಪು ಹಿಡಿದುಕೊಂಡು, ಏನೋ ದೊಡ್ಡ ಕೆಲಸ ಮುಗಿಸಿದವಳ ಹಾಗೆ ನಿಂತಿದ್ದಳು. ಹದಿನೇಳರ ಹುಡುಗಿ. ಆಶ್ರಮದಲ್ಲೇ ಇದ್ದು ಅಜ್ಜನವರ ಹತ್ತಿರ ಗಣಿತ ಕಲಿಯುತ್ತಾಳೆ. ಕಲಿಯುತ್ತಾಳೆ ಅನ್ನುವುದು ಮಾತಿಗೆ, ಮಾಡುವುದೆಲ್ಲ ಬಾಯಿಪಾಠ.

ಪರೀಕ್ಷೆಗೆ ಕೂರಲು ಅರ್ಜಿ ತುಂಬಿಟ್ಟಿದ್ದಳು. ಅದಕ್ಕೆ ಗುರುವಿನ ಸಹಿ ಬೇಕು, ಇವತ್ತು ಸಂಜೆಯ ಬಸ್ಸಿಗೇ ಹೋಗಬೇಕು. ಹೋದ ವರ್ಷ ಅಜ್ಜನವರು ಸಹಿ ಹಾಕಿರಲಿಲ್ಲ.

ನಿನ್ನೆ ಅವರು ಹೇಳಿದ್ದು ಇಷ್ಟೇ. ಕಾಳು ಒಕ್ಕುವ ದುಂಡು ಕಣದ ಅಂಚು ಹೊಳೆ ಕಡೆಗೆ ಮಳೆಯಲ್ಲಿ ಕೊಚ್ಚಿಹೋಗಿದೆ. ಬೇವಿನ ಗಿಡದಿಂದ ಗೇಟಿನ ತನಕ ಅಂಚಿಗುಂಟ ಒಂದು ಸಾಲು ಕಲ್ಲು ಇಡಬೇಕು. ಕಣದ ನಡುವೆ ಎತ್ತು ಕಟ್ಟುವ ಮೇಟಿಕಂಬದಿಂದ ಅಂಚಿಗೆ ಹನ್ನೆರಡು ಅಡಿ. ಮೇಟಿಯ ಹತ್ತಿರ ನಿಂತು ನೋಡಿದರೆ ಗಿಡಕ್ಕೂ ಗೇಟಿಗೂ ನಡುವಿನ ಕೋನ ಅರವತ್ತು ಡಿಗ್ರಿ. ಒಂದಡಿ ಉದ್ದದ ಕಲ್ಲು ಎಷ್ಟು ಬೇಕೋ ಲೆಕ್ಕ ಹಾಕಿ ಕ್ವಾರಿಗೆ ಹೇಳಿ ಕಳಿಸು.

“ಎಷ್ಟು ತರಿಸಿದಿ?”

“ಏಳ್ನೂರ ಇಪ್ಪತ್ತು, ಅಜ್ಜಾರ.”

“ಕಣಕ್ಕ ಅಂಚು ಕಟ್ತಿಯೋ, ಊರಿಗೆ ಕೋಟೆ ಕಟ್ತಿಯೋ?”

“ಲೆಕ್ಕ ಸರಿ ಐತ್ರಿ. ಕಂಸದ ಉದ್ದ ಅಂದ್ರ ತ್ರಿಜ್ಯ ಗುಣಿಸು ಕೋನ. ಹನ್ನೆರಡು ಅರವತ್ಲೆ ಏಳ್ನೂರ ಇಪ್ಪತ್ತು. ಎರಡು ಸಲ ತಾಳೆ ನೋಡೀನಿ.”

“ಕಣದ ಕಡೆ ಒಂದು ಸಲನಾದ್ರೂ ನೋಡಿದೇನು?”

ಭಾಗೀರಥಿ ಈಗ ನೋಡಿದಳು. ಇಡೀ ಕಣ ಸುತ್ತಿ ಬಂದರೂ ಎಂಬತ್ತು ಅಡಿ ಆಗುವುದಿಲ್ಲ. ಅವಳ ಮುಖ ಸಣ್ಣದಾಯಿತು.

“ಕೋನ ರೇಡಿಯನ್‌ನಾಗ ಇರಬೇಕಿತ್ರಿ. ಪೈ ಭಾಗಿಸು ನೂರೆಂಬತ್ತು. ಅದನ್ನ ಎಲ್ಲಿ ಗುಣಿಸೋದು, ಎಲ್ಲಿ ಬಿಡೋದು, ಪ್ರತಿ ಸಲ ಮರೀತೀನ್ರಿ.”

“ರೇಡಿಯನ್ ಅಂದ್ರ ಏನು?”

“ಪೈ ರೇಡಿಯನ್ ಅಂದ್ರ ನೂರೆಂಬತ್ತು ಡಿಗ್ರಿ.”

“ಅದು ಬದಲಿ ಮಾಡೋ ಲೆಕ್ಕ. ರೇಡಿಯನ್ ಅಂದ್ರ ಏನಂತ ಕೇಳಿದೆ.”

ಹುಡುಗಿ ನೋಟುಬುಕ್ಕಿನ ಹಾಳೆ ತಿರುವಿದಳು.

ಅಜ್ಜನವರು ಹಣೆ ಚಚ್ಚಿಕೊಂಡರು. “ಎರಡು ವರ್ಷ ಆತು! ಹೇಳಿ ಹೇಳಿ ನನ್ನ ಗಂಟಲ ಹರೀತು. ಸಹಿ ಇಲ್ಲ, ಹೋಗು!”

“ಏನ್ ಹೇಳಿದ್ರಿ ನೀವು?” ಭಾಗೀರಥಿಗೆ ಸಿಟ್ಟಿಗೇ ಅಳು ಬಂತು. “ಕೇಳಿದಾಗೆಲ್ಲ ಕಸ ಹೊಡಿ, ಎತ್ತು ಕಟ್ಟು, ಕಲ್ಲು ತರಿಸು! ಈ ಸಲನೂ ಸಹಿ ಇಲ್ಲಂದ್ರ ನಾ ಇಲ್ಲಿ ಇದ್ದು ಏನ್ ಮಾಡ್ಲಿ?”

ಕಥೆ ಹೇಳುವ ನನಗೇ ಸಾಕಾಗಿದೆ, ಅವರಿಬ್ಬರಿಗೆ ಹೇಗಿತ್ತೋ!

ಡ್ರೈವರು ಹಾರನ್ನು ಹೊಡೆದ. ಉಳಿದ ಕಲ್ಲು ಎಲ್ಲಿ ಸುರಿಯಲಿ?

“ಗೋಶಾಲಿ ಗ್ವಾಡಿ ಪಕ್ಕ ಹಾಕಪ್ಪ,” ಅಂದರು ಅಜ್ಜನವರು, ಆ ಕಡೆ ನೋಡದೆ.

ಆ ಗೋಡೆಯ ಬಗ್ಗೆ ಆಶ್ರಮಕ್ಕೆ ಬಂದವರೆಲ್ಲ ಕೇಳುತ್ತಾರೆ. ಇರುವುದು ಎರಡು ಹಸು, ಗೋಡೆ ಮಾತ್ರ ಐವತ್ತು ಹಸುವಿಗೆ ಕಟ್ಟಿದ ಹಾಗಿದೆ. ಅಜ್ಜನವರು ಇಲ್ಲಿ ಶಿಷ್ಯರಾಗಿದ್ದ ಕಾಲದ್ದಂತೆ.

“ಟೇಪು ಕೊಡು ಇಲ್ಲಿ.” ಅವಳ ಕೈಯಿಂದ ಅಳತೆಯ ಟೇಪು ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಮೇಟಿಯಿಂದ ಅಂಚಿಗೆ ಹಗ್ಗ ಎಳಿ. ಅಷ್ಟಕ್ಕ ಕತ್ತರಿಸು.”

ಕತ್ತರಿಸಿದಳು.

“ಈಗ ಗಿಡದ ಬುಡದಾಗ ಒಂದು ಕಲ್ಲು ಇಟ್ಟು, ಅಲ್ಲಿಂದ ಅದನ್ನ ಅಂಚಿನ ಮ್ಯಾಲೆ ಬಾಗಿಸಿ ಹಾಸು. ಹಗ್ಗ ಮುಗಿದಲ್ಲಿ ಇನ್ನೊಂದು ಕಲ್ಲು. ಅಲ್ಲಿಂದ ಮತ್ತ ಹಾಸು.”

“ಎಷ್ಟು ಸಲ್ರಿ?”

“ಸುತ್ತಿ ಬರೋ ತನಕ! ಅದನ್ನೂ ನಾನ ಹೇಳಬೇಕೇನು?”

ಮೂಗು ಒರೆಸಿಕೊಳ್ಳುತ್ತ, ಕಲ್ಲನ್ನು ದಡ್ ದಡ್ ಅಂತ ಎತ್ತಿಹಾಕುತ್ತ ಭಾಗೀರಥಿ ಕಣ ಸುತ್ತಿದಳು. ಆರು ಸಲ ಹಾಸಿದ ಮೇಲೆ ಸ್ವಲ್ಪ ಜಾಗ ಉಳಿಯಿತು. ಹಗ್ಗವನ್ನು ನಾಲ್ಕು ಮಡಿಕೆ ಮಾಡಿ ಅಲ್ಲಿ ಇಟ್ಟು ನೋಡಿದಳು.

“ಆರು ಹಗ್ಗ. ಮ್ಯಾಲೆ ಕಾಲು ಹಗ್ಗಕ್ಕಿಂತ ಚೂರು ಹೆಚ್ಚು.”

“ಕಣ ಇದರ ಎರಡು ಪಟ್ಟು ಇದ್ದಿದ್ರ?”

“ಹಗ್ಗನೂ ಎರಡು ಪಟ್ಟು ಇರ್ತಿತ್ತು…” ಮಾತು ಅಲ್ಲಿಗೇ ನಿಂತಿತು. “ಆವಾಗ್ಲೂ ಆರೇ. ಮ್ಯಾಲೆ ಅಷ್ಟೇ ಚೂರು.”

“ಮೇಟಿ ಹತ್ರ ನಿಲ್ಲು. ಮೊದಲಿನ ಎರಡು ಕಲ್ಲು ನೋಡು.”

ಹೋಗಿ ನಿಂತಳು. ಒಂದು ಕೈ ಒಂದು ಕಲ್ಲಿನ ಕಡೆಗೆ ಚಾಚಿದಳು, ಇನ್ನೊಂದು ಕೈ ಇನ್ನೊಂದರ ಕಡೆಗೆ.

“ನನ್ನ ಎರಡು ಕೈ ನಡುವಿನ ಈ ಕೋನ,” ಅಂದಳು. “ಇದು ಒಂದು ರೇಡಿಯನ್. ಕಣದ್ದೇ ಹಗ್ಗ ಕಣದ ಅಂಚಿನ ಮ್ಯಾಲೆ ಒಂದು ಸಲ ಬಿದ್ರ, ಒಂದು.”

ಅಜ್ಜನವರ ಹಣೆಯ ಗಂಟು ಸಡಿಲಾಯಿತು.

ಆಗಲೇ ಅವಳಿಗೆ ಕಂಡಿದ್ದು. ಮೊದಲ ಹಗ್ಗ ಮುಗಿದ ಕಲ್ಲು ಗೇಟಿನ ಹತ್ತಿರವೇ ಕೂತಿತ್ತು. ಓಡಿಹೋಗಿ ಗೇಣು ಹಾಕಿದಳು. ಗೇಟಿಗೆ ಒಂದು ಗೇಣೂ ಉಳಿದಿರಲಿಲ್ಲ.

“ಒಂದು ಹಗ್ಗ, ಮ್ಯಾಲೆ ಅರ್ಧ ಅಡಿ ಚಿಲ್ರೆ! ಹದಿಮೂರು ಕಲ್ಲು, ಅಜ್ಜಾರ! ಹದಿಮೂರೇ!”

“ಹಂಗಾರ ಏಳ್ನೂರ ಇಪ್ಪತ್ತು ಯಾರ ಲೆಕ್ಕ?”

ಭಾಗೀರಥಿ ಬೆರಳು ಮಡಚಿ ಎಣಿಸಿದಳು. ನೆರಳಲ್ಲಿ ಎತ್ತು ಬಾಲ ಬೀಸುತ್ತ ಮಲಗಿತ್ತು. ಅದರ ಕಡೆ ನೋಡಿದವಳೇ ನಕ್ಕುಬಿಟ್ಟಳು.

“ಅರವತ್ತು ಡಿಗ್ರಿನ ಅರವತ್ತು ಹಗ್ಗ ಮಾಡಿದಂಗ ಆತಲ್ರಿ. ಅದು ಎತ್ತಿನ ಲೆಕ್ಕ. ಈ ಅಂಚಿಗುಂಟ ಒಂಬತ್ತೂವರಿ ಸುತ್ತು ಹಾಕಿದ್ರ ಏಳ್ನೂರ ಇಪ್ಪತ್ತು ಅಡಿ ನಡೀತೈತಿ.”

“ಪೆನ್ನು ತಾ.”

ಕಲ್ಲಿನ ರಾಶಿಯ ಮೇಲೆಯೇ ಕೂತು, ತೊಡೆಯ ಮೇಲೆ ಅರ್ಜಿ ಇಟ್ಟುಕೊಂಡು, ಅಜ್ಜನವರು ಸಹಿ ಹಾಕಿದರು.

ಅವಳು ಅರ್ಜಿ ತೆಗೆದುಕೊಂಡು ಕಾಲಿಗೆ ನಮಸ್ಕಾರ ಮಾಡಿದಳು. ಆದರೆ ಹೊರಡಲಿಲ್ಲ. ಐದನೆಯ ಟ್ರ್ಯಾಕ್ಟರು ಸುರಿಯುವುದನ್ನು ನೋಡುತ್ತ ನಿಂತಳು.

“ಅಜ್ಜಾರ, ಇನ್ನೂ ಏಳ್ನೂರ ಏಳು ಕಲ್ಲು ಉಳೀತಾವು. ಇಂಥಾ ದಡ್ಡತನ ಈ ಆಶ್ರಮದಾಗ ಯಾರೂ ಮಾಡಿರಾಕಿಲ್ಲ.”

ಅಜ್ಜನವರು ಸೊಂಟದಲ್ಲಿದ್ದ ಟೇಪು ತೆಗೆದು ಅವಳ ಕೈಗೆ ಕೊಟ್ಟರು.

“ಆ ಗೋಶಾಲಿ ಗ್ವಾಡಿ ಯಾವ ಕಲ್ಲಿಂದ ಕಟ್ಟ್ಯಾರಂತ ತಿಳಕೊಂಡಿ?”