ಧೂಳಪ್ಪ ಹವಾಮಾನ ತಂದದ್ದು

ವಿಜಯಪುರದಲ್ಲಿ ಚಳಿ ಬಿದ್ದರೆ ಹೇಗಿರುತ್ತದೆ ಅಂತ ಬೇರೆ ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ಬೇಸಿಗೆಯಲ್ಲಿ ನಮ್ಮನ್ನು ಹುರಿದು ತೆಗೆಯುವ ಅದೇ ಬಯಲು, ಕಾರ್ತಿಕ ಮುಗಿಯುವ ಹೊತ್ತಿಗೆ ಹಲ್ಲು ಕಟಕಟ ಅನ್ನಿಸುತ್ತದೆ. ಅಂಥ ಒಂದು ಚಳಿವಾರದಲ್ಲಿ ನಡೆದದ್ದು ಇದು. ನಗುವವರು ನಗಿರಿ, ನನ್ನದೇನೂ ಅಡ್ಡಿಯಿಲ್ಲ. ಧೂಳಪ್ಪನ ಅವ್ವನ ಮುಂದೆ ಮಾತ್ರ ನಗಬೇಡಿ, ಆಕೆಗೆ ಅದು ಕತೆಯಲ್ಲ.

ಆಕೆ ಗುರಬಸವ್ವ. ಹಳೆ ಸೀರೆ, ಹಳೆ ಧೋತರ ಕೂಡಿಸಿ ಕೌದಿ ಹೊಲಿಯುವಾಕೆ. ಆಕೆಯ ಹೊಲಿಗೆ ನೆಟ್ಟಗೆ, ಆಕೆಯ ಮಾತು ನೆಟ್ಟಗೆ, ಮಗ ಮಾತ್ರ ಅತಿ ನೆಟ್ಟಗೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೌದಿಯ ಗಂಟು ಹೊತ್ತುಕೊಂಡು ಬಾ ಅಂದರೆ ಹೊತ್ತುಕೊಂಡು ಬರುವನು. ಇಳಿಸು ಅಂತ ಹೇಳದಿದ್ದರೆ ಹೊತ್ತುಕೊಂಡೇ ಊಟ ಮಾಡುವನು. ಮೂವತ್ತರ ಹತ್ತಿರ ಬಂದಿದ್ದ. ತಾನು ಸತ್ತರೆ ಇವನಿಗೆ ಇಳಿಸು ಅನ್ನುವವರು ಯಾರು ಅನ್ನುವುದೊಂದೇ ಗುರಬಸವ್ವನ ಚಿಂತೆ.

ಹೆಣ್ಣು ಗಂಡು ಕೂಡಿಸುವ ಬಸಲಿಂಗಯ್ಯ ಅಂತ ಒಬ್ಬ ಅಜ್ಜ ಇದ್ದ. ಅವನು ಸಿಂದಗಿಯಿಂದ ಒಂದು ಸಂಬಂಧ ತಂದ. ಹುಡುಗಿಯ ಹೆಸರು ಶಶಿಕಲಾ. ಅವಳ ಅಪ್ಪ ಸಾಯಬಣ್ಣ ಒಂದು ಮಾತು ಹೇಳಿ ಕಳಿಸಿದ್ದ: "ಮನಿ ನೋಡಾಕ ಈ ವಾರದಾಗ ಬರತೀವಿ. ನಮ್ಮ ಮುದುಕಿಗಿ ದಮ್ಮು ಐತಿ, ಚಳಿ ಕಡಿಮಿ ಇದ್ದ ದಿನ ನೋಡಿ ಹೇಳ್ರಿ. ಈ ವಾರ ತಪ್ಪಿದರ ಬ್ಯಾರೆ ಮನಿ ನೋಡತೀವಿ."

ಚಳಿ ಯಾವತ್ತು ಕಡಿಮೆಯಾಗುತ್ತದೆ ಅಂತ ಗುರಬಸವ್ವನಿಗೆ ಹೇಗೆ ಗೊತ್ತಾಗಬೇಕು? ಓಣಿಯ ಮೂಲೆಯಲ್ಲಿ ಕಾಶಿನಾಥನ ಕಟಿಂಗ್ ಅಂಗಡಿ ಇತ್ತು. ಅಲ್ಲೊಂದು ಬ್ಯಾಟರಿ ರೇಡಿಯೋ, ಅದರಲ್ಲಿ ದಿನಾ ಮುಂಜಾನೆ ಹವಾಮಾನ.

"ಧೂಳ್ಯಾ, ಹೋಗಿ ಹವಾಮಾನ ಕೇಳಿಕೊಂಡು ಬಾ," ಅಂದಳು.

ಹೋದ, ಕೇಳಿದ, ಬಂದ. "ಯವ್ವಾ, ಉತ್ತರದ ಕಡಿಂದ ಚಳಿ ಬರಾಕತ್ತೈತಂತ. ಸಂಜಿಕ ನಮ್ಮೂರು ಮುಟ್ಟತೈತಂತ."

"ಹೌದಾ? ನಾ ಬಜಾರಕ್ಕ ಹೋಗಿ ಬರತೀನಿ. ನೀ ಬಾಗಲಾ ಗಟ್ಟಿ ಹಾಕ್ಕೊಂಡು ಕುಂದ್ರು. ಚಳಿ ಒಳಗ ಬಿಡಬ್ಯಾಡ."

ಸಂಜೆ ಗುರಬಸವ್ವ ಬಂದು ಬಾಗಿಲು ಬಡಿದಳು.

"ಯಾರು?"

"ನಾನಪಾ, ನಿಮ್ಮವ್ವ."

"ಯವ್ವಾ, ನಿನಗ ಚಳಿ ಆಗೇತೇನು?"

"ಆಗಲಾರದ? ಕೈಕಾಲು ಸೆಟದಾವು. ತೆಗಿ ಲಗೂನ."

"ಹಂಗಾದ್ರ ಚಳಿ ನಿನ್ನ ಸಂಗಾಟ ಬಂದೈತಿ. ಮೊದಲ ಅದನ್ನ ಕಳಿಸು, ಆಮ್ಯಾಲೆ ನೀ ಬಾ."

ಬೈದಳು. ಅತ್ತಳು. ದೇವರ ಆಣೆ ಹಾಕಿದಳು. ಬಾಗಿಲು ಅಲ್ಲಾಡಲಿಲ್ಲ. ಕಡೆಗೆ ಕಟಕಟ ಹಲ್ಲು ಕಡಿಯುತ್ತ, "ನನಗ ಚಳಿ ಇಲ್ಲಪಾ, ಬೆವರಾಕತ್ತೀನಿ," ಅಂದಳು. "ಹಂಗ ಹೇಳಬೇಕಿಲ್ಲೋ ಮೊದಲಽ," ಅಂದು ಧೂಳಪ್ಪ ತೆಗೆದ.

"ಹುಚ್ಚಪ್ಯಾಲಿ. ಬಾಗಲಾಗ ಯಾರರ ಥಂಡಾಗಿ ನಿಂತಿದ್ರ ಏನೂ ಕೇಳಬಾರದು. ಒಳಗ ಕರಕೊಂಡು ಒಲಿ ಮುಂದ ಕುಂದ್ರಸಬೇಕು, ಕೌದಿ ಹೊಚ್ಚಬೇಕು. ತಿಳೀತೇನು?"

"ತಿಳೀತು ಯವ್ವಾ."

ಮರುದಿನ ರೇಡಿಯೋ ಚಳಿ ಇನ್ನೂ ಹೆಚ್ಚು ಅಂತು. ಸಿಂದಗಿಯವರು ಬರುವ ಹಾಗಿಲ್ಲ. ಗುರಬಸವ್ವ ಹೊಲಿದ ಕೌದಿ ಕೊಡಲು ಬೇರೆ ಓಣಿಗೆ ಹೋದಳು. ಆ ಹೊತ್ತಿಗೆ ಪಕ್ಕದ ಸೋಡಾ ಅಂಗಡಿಯ ರಾಜೇಸಾಬ ಯಾರದೋ ಮದುವೆಯ ಶರಬತ್ತಿಗೆ ಅಂತ ದೊಡ್ಡದೊಂದು ಮಂಜುಗಡ್ಡೆ ತರಿಸಿ, ಗೋಣಿಚೀಲ ಸುತ್ತಿ, ಗಾಡಿ ಬರುವ ತನಕ ಇರಲಿ ಅಂತ ಇವರ ಬಾಗಿಲಲ್ಲಿ ಇಟ್ಟು ಹೋದ. ಧೂಳಪ್ಪ ಬಂದು ಮುಟ್ಟಿ ನೋಡಿದ. ಮೈಯೆಲ್ಲ ಥಣ್ಣಗೆ! ಪಾಪ, ಮೈಮೇಲೆ ಗೋಣಿಚೀಲ ಬಿಟ್ಟರೆ ಬೇರೆ ಬಟ್ಟೆಯಿಲ್ಲ. ಏನೂ ಕೇಳಲಿಲ್ಲ. ಅಪ್ಪಿಕೊಂಡು ಒಳಗೆ ತಂದ, ಒಲೆಯ ಮುಂದೆ ಕುಳ್ಳಿರಿಸಿದ, ಸಿಂದಗಿಯ ಮುದುಕಿಗೆ ಅಂತ ಅವ್ವ ತೆಗೆದಿಟ್ಟಿದ್ದ ಹೊಸ ಕೌದಿ ಹೊಚ್ಚಿ, ಇನ್ನೆರಡು ಕಟ್ಟಿಗೆ ಒಲೆಗಿಟ್ಟ.

ಗುರಬಸವ್ವ ಬಂದಾಗ ನೀರು ಹೊಸ್ತಿಲು ದಾಟಿ ಹೊರಗೆ ಬರುತ್ತಿತ್ತು. ಒಲೆ ಆರಿತ್ತು. ಕೌದಿ ತೊಯ್ದು ತೊಪ್ಪೆಯಾಗಿತ್ತು. ಧೂಳಪ್ಪ ಪಕ್ಕದಲ್ಲಿ ಕೂತು ಅಳುತ್ತಿದ್ದ.

"ಯವ್ವಾ, ಅವ ಭಾಳ ಬೆವತಾ. ಬೆವತ ಬೆವತ ಹೋಗಿಬಿಟ್ಟಾ."

ಅಷ್ಟರಲ್ಲಿ ರಾಜೇಸಾಬ ಬಂದ. "ಗುರಬಸಕ್ಕಾ, ಇಲ್ಲಿಟ್ಟಿದ್ದ ನನ್ನ ಬರ್ಫ್ ಎಲ್ಲಿ?"

"ತೀರಿಕೊಂಡಾ ಕಾಕಾ," ಅಂದ ಧೂಳಪ್ಪ.

ರಾಜೇಸಾಬನನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಗುರಬಸವ್ವನಿಗೆ ಸಾಕುಸಾಕಾಯಿತು. ಒದ್ದೆ ಕೌದಿ ಹಿಂಡುತ್ತ ಹೇಳಿದಳು, "ಖೋಡಿ, ಹಸಿ ಇದ್ದದ್ದನ್ನ ಒಲಿ ಮುಂದ ಇಡೂದಲ್ಲ. ಮಾಳಿಗಿ ಮ್ಯಾಲೆ ಬಿಸಿಲಿಗಿ ಹಾಕಬೇಕು. ಒಂದು ಬದಿ ಒಣಗಿತಂದ್ರ ಇನ್ನೊಂದು ಬದಿ ತಿರುವಿ ಹಾಕಬೇಕು. ಗಾಳಿಗಿ ಹಾರದಂಗ ಮ್ಯಾಲೊಂದು ಕಲ್ಲು ಇಡಬೇಕು. ಪೂರಾ ಒಣಗೂ ತನಕ ಕೆಳಗ ಇಳಸಬಾರದು."

"ತಿಳೀತು ಯವ್ವಾ."

ಮುಂದಿನ ಮುಂಜಾನೆ ಒಳ್ಳೆಯ ಸುದ್ದಿ. ಇವತ್ತು ಚುರುಕು ಬಿಸಿಲು, ನಾಳೆಯಿಂದ ಚಳಿ ಇಳಿಮುಖ. ಗುರಬಸವ್ವ ಕುಣಿಯುವುದೊಂದು ಬಾಕಿ. ಸಿಂದಗಿಗೆ ಹೇಳಿ ಕಳಿಸಲು ಓಡಿದಳು. ಆಕೆ ಆ ಕಡೆ ಹೋದದ್ದೇ ಈ ಕಡೆಯಿಂದ ಬಸಲಿಂಗಯ್ಯ ಅಜ್ಜ ಬಂದ. ಕಾರ್ತಿಕ ಸೋಮವಾರ, ಅಜ್ಜ ಬಾವಿಯಲ್ಲಿ ಮುಳುಗು ಹಾಕಿ, ಮಡಿಯಲ್ಲಿ ಗುಡಿಗೆ ಹೋಗಿ, ಅದೇ ಒದ್ದೆ ಧೋತರದಲ್ಲಿ ಸೀದಾ ಇಲ್ಲಿಗೆ ಬಂದಿದ್ದ. ತಲೆಯಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು.

ಧೂಳಪ್ಪ ನೋಡಿದ. ಹಸಿ.

ಹೆಗಲ ಮೇಲೆ ಹಾಕಿಕೊಂಡು ಏಣಿ ಹತ್ತಿದ. ಮಾಳಿಗೆಯ ಮೇಲೆ ಅಂಗಾತ ಮಲಗಿಸಿದ. ಧೋತರದ ಚುಂಗಿನ ಮೇಲೆ ಕಲ್ಲಿಟ್ಟ. ಕೆಳಗಿಳಿದು ಏಣಿ ತೆಗೆದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಏಣಿ ಹಾಕಿ ಹತ್ತಿ, ಅಜ್ಜನನ್ನು ಬೋರಲು ತಿರುವಿ ಹಾಕಿ ಬಂದ. ಅಜ್ಜ ಕೂಗಿದ್ದೇ ಕೂಗಿದ್ದು. ಹಸಿ ಸಾಮಾನು ಕೂಗಿದರೆ ಏನು ಮಾಡಬೇಕು ಅಂತ ಅವ್ವ ಹೇಳಿರಲಿಲ್ಲ, ಅದಕ್ಕೇ ಧೂಳಪ್ಪ ಏನೂ ಮಾಡಲಿಲ್ಲ.

ಗುರಬಸವ್ವ ಬಂದಾಗ, ಮತ್ತೊಮ್ಮೆ ಹತ್ತಿದ್ದ ಮಗ ಮಾಳಿಗೆಯ ಅಂಚಿನಿಂದ ಇಡೀ ಓಣಿಗೆ ಕೇಳುವಂತೆ ಹೇಳಿದ, "ಯವ್ವಾ, ಮುದುಕಾ ಹೊರಗ ಒಣಗ್ಯಾನ, ಒಳಗ ಇನ್ನೂ ಹಸಿ ಅದಾನ. ಇಳಸಲೋ ಬಿಡಲೋ?"

ಇಳಿಸಿದರು. ಗುರಬಸವ್ವ ಅಜ್ಜನ ಕಾಲು ಹಿಡಿದುಕೊಂಡಳು. ಅಜ್ಜ ಬೈದು ಬೈದು ದಣಿದು, ಚಹಾ ಕುಡಿದು, ಸೊಂಟ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ತಿರುವಿ ನೋಡಿಕೊಂಡ. "ಖರೇ ಹೇಳಬೇಕಂದ್ರ ಬೆನ್ನ ನೋವು ಹೋಗೇತಿ. ಅದನ್ನ ಯಾರ ಮುಂದೂ ಅನಬ್ಯಾಡ. ಆದ್ರ ತಂಗಿ, ನಾಳಿಗಿ ಇವ ಹಿಂಗ ಬಾಯಿ ಬಿಟ್ಟನಂದ್ರ ಸಂಬಂಧ ಮುಗೀತು ನೋಡು."

ಅಜ್ಜ ಹೋದ ಮೇಲೆ ಗುರಬಸವ್ವ ಮಗನನ್ನು ಎದುರಿಗೆ ಕೂಡಿಸಿಕೊಂಡಳು. "ಹಿರಿಯಾರಿಗಿ ಮುದುಕಾ ಅಂತೀಯಲ್ಲೋ, ಹಸಿ ಅದಾನ ಅಂತೀಯಲ್ಲೋ. ರೇಡಿಯೋದಾಗಿನವರು ಮಾತಾಡೂದು ಕೇಳೀದಿಲ್ಲೋ? ಎಷ್ಟು ಶಾಂತ, ಎಷ್ಟು ಮರ್ಯಾದಿ. ನಾಳೆ ಬೀಗರು ಏನ ಕೇಳಿದ್ರೂ ರೇಡಿಯೋದಂಗ ಮಾತಾಡು. ನನ್ನ ಮಾನ ನಿನ್ನ ಕೈಯಾಗೈತಿ ಧೂಳ್ಯಾ."

"ತಿಳೀತು ಯವ್ವಾ."

ಸಿಂದಗಿಯವರು ಬಂದರು. ಸಾಯಬಣ್ಣ, ಅವನ ಮುದುಕಿ ತಾಯಿ, ಜೊತೆಗೆ ಶಶಿಕಲಾ. ಮನೆ ನೋಡಲು ಹುಡುಗಿ ಬರುವ ಪದ್ಧತಿ ಇಲ್ಲ, ಆದರೆ ದಮ್ಮಿನ ಅಜ್ಜಿಯನ್ನು ಹಿಡಿದುಕೊಳ್ಳಲು ಯಾರಾದರೂ ಬೇಕಲ್ಲ. ಕೌದಿ ಹಾಸಿ ಕೂಡಿಸಿದರು. ಬಸಲಿಂಗಯ್ಯ ಅಜ್ಜ ಬಾಗಿಲ ಹತ್ತಿರವೇ ಕೂತ, ಮೈಮೇಲೆ ಒಣ ಬಟ್ಟೆ ಹಾಕಿಕೊಂಡು.

"ಏನಪಾ ತಮ್ಮಾ, ಎಲ್ಲಾ ಆರಾಮ?" ಸಾಯಬಣ್ಣ ಕೇಳಿದ.

ಧೂಳಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ. "ನಗರ ಮತ್ತು ಸುತ್ತಮುತ್ತಲಿನ ಪ್ರದೇಶಗಳಲ್ಲಿ ಸಾಮಾನ್ಯ ಪರಿಸ್ಥಿತಿ ಇದೆ."

ಸಾಯಬಣ್ಣ ಬೆರಗಾಗಿ ಅಜ್ಜನ ಕಡೆ ನೋಡಿದ. ಅಜ್ಜ ಸೂರಿನ ಕಡೆ ನೋಡಿದ.

"ಭಾಳ ಶುದ್ಧ ಮಾತಾಡತೀಯಪಾ. ನಿಮ್ಮವ್ವನ ಸ್ವಭಾವ ಹೆಂಗ?"

"ಮುಂಜಾನೆಯ ವೇಳೆ ಗುಡುಗು. ಸಂಜೆಯ ಹೊತ್ತಿಗೆ ತಿಳಿಯಾಗುವ ಸಾಧ್ಯತೆ ಇದೆ."

ಮುದುಕಿ ಕೆಮ್ಮುತ್ತ ಕೆಮ್ಮುತ್ತ ನಕ್ಕಳು. "ಖರೇ ಹೇಳತಾನ. ಅವ್ವನ ಮುಂದ ಅವ್ವನ ಖರೇ ಹೇಳೂ ಗಂಡಸನ್ನ ಇವತ್ತ ನೋಡಿದೆ. ನಿಂದು ಹೆಂಗಪಾ ಸ್ವಭಾವ?"

"ಬೆಳಗಿನ ಜಾವ ದಟ್ಟ ಮಂಜು. ಉಳಿದಂತೆ ಶುಭ್ರ ಆಕಾಶ."

ಗುರಬಸವ್ವ ಒಳಗೆ ನಿಂತು ಕಣ್ಣು ಮುಚ್ಚಿ ಎಲ್ಲ ದೇವರನ್ನೂ ಕರೆಯುತ್ತಿದ್ದಳು. ಶಶಿಕಲಾ ಅಷ್ಟೊತ್ತು ಸುಮ್ಮನಿದ್ದವಳು ತಲೆ ಎತ್ತಿ ಕೇಳಿದಳು, "ನನ್ನ ಚಂದಂಗಿ ನೋಡಿಕೋತೀರೇನ್ರಿ?"

ಧೂಳಪ್ಪ ಅವಳನ್ನು ನೋಡಿದ. "ಮುಂದಿನ ದಿನಗಳಲ್ಲಿ ಉಷ್ಣಾಂಶ ಕ್ರಮೇಣ ಏರುವ ಸಾಧ್ಯತೆ ಇದೆ," ಅಂದ.

ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಸಾಯಬಣ್ಣ ಮುಂದೆ ಬಗ್ಗಿ, "ಹಂಗಾದ್ರ ನಿನಗ ಒಪ್ಪಿಗಿ ಅಂತ ತಿಳಕೊಳ್ಳೇನು?" ಅಂದ.

"ಮುಂದಿನ ಮುನ್ಸೂಚನೆ ನಾಳೆ ಮುಂಜಾನೆ," ಅಂದು ಧೂಳಪ್ಪ ಬಾಯಿ ಮುಚ್ಚಿದ. ಆಮೇಲೆ ಯಾರು ಏನು ಕೇಳಿದರೂ ತೆರೆಯಲಿಲ್ಲ.

ಬೀಗರು ಉಳಿದುಕೊಳ್ಳಬೇಕಾಯಿತು. ಬೆಳಗಾದದ್ದೇ ಧೂಳಪ್ಪ ತನಗೆ ಈ ಹುಡುಗಿ ಒಪ್ಪಿಗೆಯೋ ಇಲ್ಲವೋ ಕೇಳಿಕೊಂಡು ಬರಲು ಕಾಶಿನಾಥನ ಅಂಗಡಿಗೆ ಹೋದ. ಬಂದು ಬಾಗಿಲಲ್ಲಿ ನಿಂತು ಹೇಳಿದ, "ಜಿಲ್ಲೆಯಾದ್ಯಂತ ಒಣ ಹವೆ. ಎಲ್ಲಿಯೂ ಮಳೆಯ ಸಾಧ್ಯತೆ ಇಲ್ಲ. ಯಾವುದೇ ಬದಲಾವಣೆ ಇಲ್ಲ."

"ಬದಲಾವಣಿ ಇಲ್ಲ ಅಂದ್ರ ಒಪ್ಪಿಗಿ," ಬಸಲಿಂಗಯ್ಯ ಅಜ್ಜ ಥಟ್ಟನೆ ಅಂದ. "ತರ್ರಿ ಸಕ್ಕರಿ."

ಸಾಯಬಣ್ಣ ಮಗಳ ಮುಖ ನೋಡಿದ. ಶಶಿಕಲಾ ಎದ್ದು ಒಳಗೆ ಗುರಬಸವ್ವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು, "ಅತ್ತೀ, ಇವರು ಹೇಳಿದ್ದು ಹೇಳಿದಂಗ ಮಾಡತಾರೇನ್ರಿ?"

ಗುರಬಸವ್ವನಿಗೆ ಇನ್ನು ಮುಚ್ಚಿಡುವ ತ್ರಾಣ ಇರಲಿಲ್ಲ. "ಅದಽ ನೋಡವಾ ಇವನ ದೊಡ್ಡ ಐಬು. ಹೇಳಿದಷ್ಟಽ ಮಾಡತಾನ, ಹೇಳಿದಂಗಽ ಮಾಡತಾನ. ನಾ ಹೋದ ಮ್ಯಾಲೆ ಇವನ ಗತಿ ಏನಂತ ನನಗ ನಿದ್ದಿ ಇಲ್ಲ."

"ಹಂಗಾದ್ರ ನನಗ ಒಪ್ಪಿಗಿ," ಅಂದಳು ಹುಡುಗಿ. "ಅಂಥಾ ಗಂಡಸು ಎಲ್ಲಿ ಸಿಗತಾನ್ರಿ."

ಸಕ್ಕರೆ ಬಂತು. ಎಲ್ಲರ ಬಾಯಿಗೂ ಬಿತ್ತು. ನಮ್ಮ ಕಡೆ ಸಕ್ಕರೆ ಬಾಯಿಗೆ ಬಿತ್ತು ಅಂದರೆ ಮಾತು ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಗುರಬಸವ್ವನ ಎದೆಯ ಮೇಲಿನ ಇಷ್ಟು ವರ್ಷದ ಭಾರ ಇಳಿದುಬಿಟ್ಟಿತು. ಸಕ್ಕರೆಯ ತಟ್ಟೆ ಹಿಡಿದುಕೊಂಡೇ ಗಳಗಳ ಅತ್ತಳು. ಗಲ್ಲದಿಂದ ಹನಿ, ಹನಿಯ ಹಿಂದೆ ಹನಿ. ಶಶಿಕಲಾಳ ಕಣ್ಣೂ ಒದ್ದೆಯಾಯಿತು.

ಧೂಳಪ್ಪ ಅವ್ವನ ಮುಖ ನೋಡಿದ. ಅವನ ಮುಖ ಬಾಡಿತು. ಮಳೆ ಇಲ್ಲ ಅಂತ ಬೀಗರ ಮುಂದೆ ತಾನು ಎಂಥ ಸುಳ್ಳು ಹೇಳಿದ ಹಾಗಾಯಿತು! ತಿರುಗಿ ಓಣಿಗೆ ಓಡಿದ.

ಸ್ವಲ್ಪ ಹೊತ್ತಿಗೆ ಬಂದ. ಎದೆಗೆ ಕಾಶಿನಾಥನ ರೇಡಿಯೋ ಅವಚಿಕೊಂಡಿದ್ದ. ಹಿಂದೆ ಕೈಯಲ್ಲಿ ಕತ್ತಿ ಹಿಡಿದ ಕಾಶಿನಾಥ, ಅವನ ಹಿಂದೆ ಅರ್ಧ ಮುಖಕ್ಕೆ ಸೋಪಿನ ನೊರೆ ಇದ್ದ ಒಬ್ಬ ಗಿರಾಕಿ. ಧೂಳಪ್ಪ ರೇಡಿಯೋವನ್ನು ಅವ್ವನ ಗಲ್ಲದ ಹತ್ತಿರ ಹಿಡಿದ.

"ನೋಡು. ಎಲ್ಲಿಯೂ ಮಳಿ ಇಲ್ಲ ಅಂದಿ. ಇಲ್ಲಿ ನಮ್ಮವ್ವ ಪೂರಾ ತೊಯ್ದಾಳ. ಬೀಗರ ಮುಂದ ತಪ್ಪಾತು ಅನ್ನು."

ರೇಡಿಯೋ ಉಳ್ಳಾಗಡ್ಡಿಯ ಪೇಟೆ ಧಾರಣೆ ಹೇಳುತ್ತಿತ್ತು. ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ಸಾಯಬಣ್ಣ ಅಳಿಯನನ್ನೇ ನೋಡುತ್ತ ಕೂತಿದ್ದ. ನುಂಗಲೂ ಆಗದು, ಉಗುಳಲೂ ಆಗದು. ಧೂಳಪ್ಪ ರೇಡಿಯೋಗೆ ಕಿವಿ ಹಚ್ಚಿ ಕಾದ, ಮತ್ತೂ ಕಾದ, ಕಡೆಗೆ ಮಾವನ ಕಡೆ ತಿರುಗಿ ಬಹಳ ಬೇಸರದಿಂದ ಹೇಳಿದ:

"ಮಾವಾರ, ಉಳ್ಳಾಗಡ್ಡಿ ಅನ್ನಾಕತ್ತೈತಿ, ತಪ್ಪಾತು ಅನ್ನವಲ್ದು."